ಚಾಟ್‌ಬಾಟ್‌ಗೆ ನಿಜಕ್ಕೂ ಅರ್ಥ ಆಗುತ್ತಾ?

ಬೇಜಾರಾದಾಗ ಚಾಟ್‌ಬಾಟ್ ಹತ್ರ ಮನಸ್ಸು ಬಿಚ್ಚಿ ಮಾತಾಡ್ತೀರಾ? ‘ನಿಮ್ಮ ನೋವು ನನಗೆ ಅರ್ಥವಾಗುತ್ತೆ’ ಅಂತ ಅದು ಹೇಳುತ್ತೆ. ನಿಜಕ್ಕೂ ಅರ್ಥ ಆಗುತ್ತಾ?

ಪ್ರಶ್ನೆ ಹಳೆಯದು. ಯಂತ್ರ ಯೋಚಿಸಬಲ್ಲದೇ ಅಂತ ಅಲನ್ ಟ್ಯೂರಿಂಗ್ 1950ರಲ್ಲಿ ಕೇಳಿದ್ದು ‘ಮೈಂಡ್’ ಎಂಬ ತತ್ವಶಾಸ್ತ್ರದ ಪತ್ರಿಕೆಯಲ್ಲಿ. ಉತ್ತರ ಓದಿದವರಿಗೆ ಅದು ಮನುಷ್ಯನದೋ ಯಂತ್ರದ್ದೋ ಗೊತ್ತಾಗಬಾರದು, ಅದೇ ಅವರ ಪರೀಕ್ಷೆ.

ಅಷ್ಟು ಸಾಲದು ಅಂದವರು ಅಮೆರಿಕದ ತತ್ವಶಾಸ್ತ್ರಜ್ಞ ಜಾನ್ ಸರ್ಲ್, 1980ರಲ್ಲಿ. ಚೀನೀ ಭಾಷೆ ಬಾರದವನೊಬ್ಬ ಕೋಣೆಯಲ್ಲಿ ಕೂತಿದ್ದಾನೆ ಅಂದ್ಕೊಳ್ಳಿ. ಹೊರಗಿಂದ ಚೀನೀ ಚೀಟಿ ಬರುತ್ತೆ. ನಿಯಮದ ಪುಸ್ತಕ ನೋಡ್ಕೊಂಡು ಉತ್ತರದ ಚೀಟಿ ಕಳಿಸ್ತಾನೆ. ಹೊರಗಿನವರಿಗೆ ಇವನು ಚೀನೀ ಪಂಡಿತ; ಇವನಿಗೆ ಒಂದಕ್ಷರವೂ ತಿಳಿಯದು. ಕಂಪ್ಯೂಟರ್ ಕೂಡ ಹೀಗೇ ಅನ್ನೋದು ಸರ್ಲ್ ವಾದ. ಅವನಿಗೆ ತಿಳಿಯದಿದ್ರೂ ಪುಸ್ತಕ, ಕೋಣೆ ಎಲ್ಲ ಸೇರಿದ ವ್ಯವಸ್ಥೆಗೆ ತಿಳಿದಿದೆ ಅನ್ನೋದು ಎದುರಾಳಿಗಳ ಉತ್ತರ.

ಟೆಕ್ ಅಂದ್ರೆ ಪ್ರಾಣ ಬಿಡೋ ನಾನು ಇಲ್ಲಿ ಸರ್ಲ್ ಪರ. ಇಂದಿನ ಚಾಟ್‌ಬಾಟ್ ಅಪಾರ ಬರಹದಿಂದ ಕಲಿತು, ಮುಂದೆ ಯಾವ ಪದ ಬರಬಹುದು ಅಂತ ಲೆಕ್ಕ ಹಾಕುತ್ತೆ. ನೋವಿನ ಪದ ಗೊತ್ತು, ನೋವು ಗೊತ್ತಿಲ್ಲ.

ನನ್ನ ತಕರಾರು ಒಂದೇ: ಈ ಚರ್ಚೆ ತತ್ವಶಾಸ್ತ್ರ ವಿಭಾಗದೊಳಗೇ ಉಳಿದುಬಿಡುತ್ತೆ. ಕೋಡಿಂಗ್ ಕಲಿಯೋರಿಗೂ ಇದು ಪಾಠ ಆಗಬೇಕು. ನೀವು ಚಾಟ್‌ಬಾಟ್ ಹತ್ರ ಧಾರಾಳವಾಗಿ ಮಾತಾಡಿ; ಸಂಕಟದ ದಿನ ಮಾತ್ರ ಮನುಷ್ಯರೊಬ್ಬರಿಗೆ ಫೋನ್ ಮಾಡಿ.