ಮಾತು ತಪ್ಪಿದರೂ ಕೆಡದ ಸರಪಳಿ

ಮೂತ್ರಪಿಂಡತಜ್ಞರಾದ ಮಿತ್ರರೊಬ್ಬರ ಕೊಠಡಿಯಲ್ಲಿ ಬೇರಾವುದೋ ಕಾರ್ಯನಿಮಿತ್ತ ಕುಳಿತಿದ್ದಾಗ ಅವರು ನನ್ನ ಮುಂದಿರಿಸಿದ, 2009ರ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯ ಲೇಖನವೊಂದು ಇನ್ನೂ ನನ್ನ ತಲೆಯಲ್ಲಿ ಸುತ್ತುತ್ತಿದೆ. 2007ರ ಜುಲೈಯಲ್ಲಿ ಮಿಷಿಗನ್ನಿನ ತರುಣನೊಬ್ಬನು, ಪ್ರತಿಫಲವೊಂದನ್ನೂ ಬಯಸದೆ, ಫೀನಿಕ್ಸ್ ನಗರಕ್ಕೆ ಹೋಗಿ ಅಪರಿಚಿತೆಯೊಬ್ಬಳಿಗೆ ತನ್ನದೊಂದು ಮೂತ್ರಪಿಂಡವನ್ನಿತ್ತನು. ಪತ್ನಿಗೆ ಹೊಂದದ ತನ್ನದನ್ನು ಆಕೆಯ ಪತಿ ಟೊಲಿಡೊದಲ್ಲಿ ಇನ್ನೊಬ್ಬಳಿಗಿತ್ತನು. ಅವಳ ತಾಯಿ ಮತ್ತೊಬ್ಬರಿಗಿತ್ತಳು. ಹೀಗೆ 8 ತಿಂಗಳಲ್ಲಿ, 5 ರಾಜ್ಯಗಳ 6 ಕೇಂದ್ರಗಳಲ್ಲಿ, 10 ಕಸಿಗಳು ನಡೆದುವು.

ತಮ್ಮವರಿಗೆ ಹೊಂದದ ದಾನಿಗಳನ್ನು ರೋಗಿ-ದಾನಿ ಜೋಡಿಗಳು ತಮ್ಮೊಳಗೆ ಬದಲಾಯಿಸಿಕೊಳ್ಳುವ ವಿನಿಮಯದ ಕಲ್ಪನೆಯನ್ನು 1986ರಲ್ಲಿ ಫೆಲಿಕ್ಸ್ ರಾಪಪೋರ್ಟ್ ಮುಂದಿಟ್ಟುದು, 1991ರಲ್ಲಿ ದಕ್ಷಿಣ ಕೊರಿಯ ಅದನ್ನು ಕಾರ್ಯಗತಗೊಳಿಸಿದುದು, ಜೋಡಿಗಳನ್ನು ಹೊಂದಿಸುವ ಗಣಿತವನ್ನು ರೂಪಿಸಿದವರಲ್ಲೊಬ್ಬರಾದ ಆಲ್ವಿನ್ ರಾತ್ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದುದು, ಇವೆಲ್ಲ ಪತ್ರಿಕೆಗಳಲ್ಲಿ ಬಂದುಹೋದ ವಿಷಯಗಳೇ. ನನ್ನ ಕೌತುಕವೆಲ್ಲ ಗಡಿಯಾರದ ಮೇಲೆ. ಮಿತ್ರರು ಔಷಧಚೀಟಿಯ ಹಿಂಬದಿಯಲ್ಲಿ 4 ಚೌಕಗಳನ್ನು ಗೀಚಿ ತೋರಿಸಿದರು: ಎರಡು ಜೋಡಿಗಳ ವಿನಿಮಯಕ್ಕೆ 4 ಶಸ್ತ್ರಚಿಕಿತ್ಸಾ ಕೊಠಡಿಗಳು ಏಕಕಾಲಕ್ಕೆ ಸಿದ್ಧವಾಗಬೇಕೆಂಬುದು ಬಹುಕಾಲದ ಪದ್ಧತಿಯಾಗಿದ್ದಿತು. ದಾನವನ್ನು ಕರಾರುಪತ್ರದಿಂದ ಕಟ್ಟಿಹಾಕಲು ಬಾರದು; ನನ್ನ ಪತ್ನಿಗೆ ಇಂದು ನಿಮ್ಮ ಮೂತ್ರಪಿಂಡ ದೊರೆತು ನಾಳೆ ನಾನು ಹಿಂಜರಿದೆನಾದರೆ, ನಿಮ್ಮವರಿಗೂ ಏನೂ ದಕ್ಕಲಿಲ್ಲ, ಬದಲಿಗೆ ಕೊಡಲು ನಿಮ್ಮಲ್ಲಿಯೂ ಏನೂ ಉಳಿಯಲಿಲ್ಲ. ಅಪರಿಚಿತನಿಂದ ಮೊದಲಾದ ಸರಪಳಿಯಲ್ಲಿಯಾದರೋ, ಪ್ರತಿಯೊಂದು ಕುಟುಂಬವೂ ಮೊದಲು ಪಡೆದು ಅನಂತರ ಕೊಡುವುದರಿಂದ, ನಡುವೆ ಯಾರಾದರೂ ಮಾತಿಗೆ ತಪ್ಪಿದರೆ ಮುಂದಿನವರಿಗೆ ನಿರಾಶೆಯಾದೀತೇ ಹೊರತು ಅವರ ಕೈಯಲ್ಲಿದ್ದುದು ಕಳೆದುಹೋಗದು. ಆ 10ರಲ್ಲಿ 5 ಕಸಿಗಳಿಗೆ ದಾನಿಗಳಾದವರು, ತಮ್ಮವರಿಗೆ ಅಂಗ ದೊರೆತ ಮೇಲೆ ಕಾದಿದ್ದು, ಒಬ್ಬರಂತೂ 5 ತಿಂಗಳ ತರುವಾಯ, ಕೊಟ್ಟವರು.

ಮಿತ್ರರು ಪುಣ್ಯಕೋಟಿಯನ್ನು ನೆನೆದರು, ನಾನು ಒಪ್ಪಲಿಲ್ಲ. ಹುಲಿಯ ಗವಿಗೆ ಮರಳಿದ ಗೋವಿನ ಸತ್ಯನಿಷ್ಠೆಯನ್ನು ಸರ್ವರಲ್ಲಿಯೂ ನಿರೀಕ್ಷಿಸುವ ವ್ಯವಸ್ಥೆ ಬಹುಕಾಲ ಬಾಳದು. ಸತ್ಯವಂತನನ್ನು ನಂಬಿಯೂ ಸುಳ್ಳನಿಂದ ಯಾರೂ ಹಾಳಾಗದಂತೆ ಹೆಣೆದಿರುವುದೇ ಈ ಸರಪಳಿಯ ಹಿರಿಮೆ.

ಮೂತ್ರಪಿಂಡಗಳ ಕ್ರಯವಿಕ್ರಯದ ಕಹಿಯನ್ನುಂಡ ನಮ್ಮ ದೇಶದಲ್ಲಿ 1994ರ ಅಂಗಕಸಿ ಶಾಸನವು ಅಪರಿಚಿತ ದಾನಿಯನ್ನು ಸಂಶಯದಿಂದಲೇ ನೋಡುತ್ತದೆ. ಆ ಸಂಶಯವನ್ನು ಅನ್ಯಾಯವೆನ್ನಲಾರೆ. ಆದರೆ ಹತ್ತಿರದ ಬಂಧುಗಳಾಗಿದ್ದೂ ಪರಸ್ಪರ ಹೊಂದದ ಜೋಡಿಗಳು, ಅನುಮತಿ ನೀಡುವ ಸಮಿತಿಯ ಒಪ್ಪಿಗೆ ಪಡೆದು ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು 2011ರ ತಿದ್ದುಪಡಿ ಎಡೆಮಾಡಿದೆ. ರಕ್ತದ ಗುಂಪು ಹೊಂದಲಿಲ್ಲವೆಂಬ ಒಂದೇ ಮಾತಿಗೆ ಕೈಚೆಲ್ಲಿ ಕುಳಿತ ಕುಟುಂಬವು ನಿಮ್ಮ ಬಳಗದಲ್ಲಿದ್ದರೆ, ಈ ಅದಲುಬದಲಿನ, ಎಂದರೆ ‘ಸ್ವ್ಯಾಪ್’ ಕಸಿಯ, ವಿಚಾರವನ್ನು ವೈದ್ಯರಲ್ಲಿ ಕೇಳಿನೋಡುವಂತೆ ಇಂದೇ ತಿಳಿಸಿರಿ.