ಗೇರಿನ ಕಾರೋ, ಆಟೋಮ್ಯಾಟಿಕ್ ಕಾರೋ?

ಮನೆಗೆ ಕಾರು ಬರುತ್ತದೆ ಎಂದರೆ ಮೊದಲು ಚರ್ಚೆಯಾಗುವುದು ಬಣ್ಣ. ಮಗನಿಗೆ ಕೆಂಪು ಬೇಕು, ಮಗಳಿಗೆ ಬಿಳಿ, ಅತ್ತೆಯವರಿಗೆ "ಕಪ್ಪೊಂದು ಬಿಟ್ಟು ಯಾವುದಾದ್ರೂ ಆಗಲಿ". ಆಮೇಲೆ ಮೈಲೇಜು, ಸಾಲದ ಕಂತು, ಪೂಜೆ ಯಾವ ದೇವಸ್ಥಾನದಲ್ಲಿ ಎಂಬ ಮಾತು. ಇಷ್ಟೆಲ್ಲ ಮುಗಿಸಿ ಷೋರೂಮಿಗೆ ಹೋದರೆ ಅಲ್ಲಿಯ ಹುಡುಗ, "ಮ್ಯಾನ್ಯುಯಲ್ಲೋ ಆಟೋಮ್ಯಾಟಿಕ್ಕೋ ಸಾರ್?" ಎಂದು ಕೇಳುತ್ತಾನೆ. ಯಜಮಾನರು ಒಂದು ಗಳಿಗೆಯೂ ತಡೆಯದೆ, "ಗೇರಿಂದೇ ಇರಲಿ, ಆಟೋಮ್ಯಾಟಿಕ್ಕೆಲ್ಲ ನಮಗ್ಯಾಕೆ?" ಅಂದುಬಿಡುತ್ತಾರೆ. ಪಕ್ಕದ ಕುರ್ಚಿಯಲ್ಲಿ ಕಾಫಿ ಲೋಟ ಹಿಡಿದು ಕುಳಿತ ಗೃಹಿಣಿಯನ್ನು ಯಾರೂ ಕೇಳುವುದಿಲ್ಲ. ಅವಳೂ ಬಾಯಿ ಬಿಡುವುದಿಲ್ಲ.

ಆದರೆ ಮುಂದಿನ ಹತ್ತು ವರ್ಷ ಆ ಗಾಡಿಯನ್ನು ಮನೆಯಲ್ಲಿ ಒಬ್ಬರು ಓಡಿಸುತ್ತಾರೋ ಇಬ್ಬರು ಓಡಿಸುತ್ತಾರೋ ಎಂಬುದು ಎಷ್ಟೋ ಮನೆಗಳಲ್ಲಿ ಆ ಒಂದು ಮಾತಿನಲ್ಲೇ ತೀರ್ಮಾನವಾಗಿರುತ್ತದೆ.

ಬೀರುವಿನಲ್ಲಿದ್ದ ಲೈಸೆನ್ಸು

ತೀರ್ಥಹಳ್ಳಿಯಲ್ಲಿರುವ ನನ್ನ ಅತ್ತಿಗೆಯ ವಿಷಯವನ್ನೇ ಹೇಳುತ್ತೇನೆ. ಅವರು ಡ್ರೈವಿಂಗ್ ಶಾಲೆಗೆ ಹೋಗಿ ಕಲಿತು ಲೈಸೆನ್ಸು ಪಡೆದು ಬಹಳ ವರ್ಷವಾಯಿತು. ಕಾರು ಬಂದ ಹೊಸದರಲ್ಲಿ ಒಂದು ದಿನ ಪೇಟೆಯ ಏರಿನಲ್ಲಿ ಗಾಡಿ ಆಫ್ ಆಯಿತು. ಹಿಂದೆ ಬಸ್ಸಿನವನ ಹಾರನ್ನು, ಪಕ್ಕದ ಸೀಟಿನಲ್ಲಿ ನಮ್ಮಣ್ಣನ ಬೈಗುಳ. "ಇಳಿ ಇಳಿ, ನಿನ್ನ ಕೈಲಿ ಆಗೋದಲ್ಲ ಇದು" ಅಂದನಂತೆ. ಅಂದು ಇಳಿದವರು ಮತ್ತೆ ಹತ್ತಲಿಲ್ಲ. ಲೈಸೆನ್ಸು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಸೇರಿತು.

ಒಂದು ಮಳೆಗಾಲದ ರಾತ್ರಿ, ಎರಡು ಗಂಟೆಯ ಹೊತ್ತಿಗೆ ಅಣ್ಣನಿಗೆ ತಡೆಯಲಾರದ ಹೊಟ್ಟೆನೋವು. ಮುಂದೆ ಅದು ಮೂತ್ರಪಿಂಡದ ಕಲ್ಲು ಎಂದು ಗೊತ್ತಾಯಿತು. ಜಗಲಿಯ ಮುಂದೆ ಕಾರು ನಿಂತಿದೆ, ಗೂಟದಲ್ಲಿ ಕೀಲಿ ತೂಗುತ್ತಿದೆ, ಬೀರುವಿನಲ್ಲಿ ಲೈಸೆನ್ಸಿದೆ. ಅತ್ತಿಗೆ ಮಾತ್ರ ಕೊಡೆ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟುತ್ತಾ ನಿಂತಿದ್ದರು. ಆ ಮನೆಯ ಹುಡುಗ ಎದ್ದು ಬಂದ, ಎಲ್ಲ ಸುಖಾಂತವಾಯಿತು. ಆದರೆ ಅತ್ತಿಗೆಗೆ ಅದು ಮನಸ್ಸಿನಿಂದ ಹೋಗಲಿಲ್ಲ. "ಆ ಹುಡುಗ ಊರಲ್ಲಿ ಇಲ್ಲದೇ ಇದ್ದಿದ್ರೆ?" ಎಂದು ಈಗಲೂ ಕೇಳುತ್ತಾರೆ. ಹಳೆಯ ಕಾರು ಕೊಟ್ಟು ಹೊಸದು ಕೊಳ್ಳುವ ಮಾತು ಬಂದಾಗ ಅವರು ನನಗೆ ಫೋನು ಮಾಡಿ, "ಈ ಗೇರಿನ ವಿಷಯ ನನಗೆ ಸರಿಯಾಗಿ ತಿಳಿಸಿ ಹೇಳು. ಈ ಸಲ ಷೋರೂಮಲ್ಲಿ ನಾನೇ ಮಾತಾಡಬೇಕು" ಎಂದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಗೇರು ಅಂದರೇನು?

ತುಂಬಿದ ಕೊಡ ಹೊತ್ತು ಮೆಟ್ಟಿಲು ಹತ್ತುವಾಗ ನಾವು ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತೇವೆ. ಅಂಗಳಕ್ಕೆ ಬಂದ ಮೇಲೆ ಬೀಸು ಹೆಜ್ಜೆ. ಕಾರಿನ ಇಂಜಿನ್ನಿಗೂ ಹಾಗೇ. ಹೊರಡುವಾಗ, ಏರು ಹತ್ತುವಾಗ ಬಲ ಹೆಚ್ಚು, ವೇಗ ಕಡಿಮೆ ಇರುವ ಒಂದನೇ, ಎರಡನೇ ಗೇರು. ಸಮತಟ್ಟು ರಸ್ತೆಯಲ್ಲಿ ನಾಲ್ಕು, ಐದು.

ಇನ್ನು ಕ್ಲಚ್ಚು. ಹೊಲಿಗೆ ಯಂತ್ರದಲ್ಲಿ ಬಾಬಿನ್ನಿಗೆ ದಾರ ಸುತ್ತುವಾಗ ಗಾಲಿಯ ಮಧ್ಯದ ತಿರುಪು ಸಡಿಲಿಸುತ್ತೇವಲ್ಲ? ಗಾಲಿ ತಿರುಗುತ್ತಿರುತ್ತದೆ, ಸೂಜಿ ಮಾತ್ರ ಸುಮ್ಮನಿರುತ್ತದೆ. ಕ್ಲಚ್ಚಿನ ಕೆಲಸವೂ ಅಷ್ಟೇ. ಅದನ್ನು ಒತ್ತಿದರೆ ಇಂಜಿನ್ ತಿರುಗುತ್ತಿದ್ದರೂ ಚಕ್ರಕ್ಕೆ ಅದರ ಬಲ ಮುಟ್ಟುವುದಿಲ್ಲ. ಆ ಬಿಡುವಿನಲ್ಲಿ ಗೇರು ಬದಲಿಸಿ, ಮೆಲ್ಲಗೆ ಕಾಲು ಎತ್ತಬೇಕು. ಬೇಗ ಎತ್ತಿದರೆ ಗಾಡಿ ಎಗರಿ ಆಫ್ ಆಗುತ್ತದೆ. ಕಲಿಯುವವರ ಕಣ್ಣೀರೆಲ್ಲ ಇಲ್ಲೇ.

ಆಟೋಮ್ಯಾಟಿಕ್ ಕಾರಿನಲ್ಲೂ ಸಾಮಾನ್ಯವಾಗಿ ಗೇರು ಇದ್ದೇ ಇರುತ್ತದೆ. ಅದನ್ನು ಬದಲಿಸುವ ಕೆಲಸ ಮಾತ್ರ ಗಾಡಿಯದು. ಕಾಲಿನ ಹತ್ತಿರ ಕ್ಲಚ್ ಪೆಡಲ್ ಇಲ್ಲ. ಬ್ರೇಕು, ಆಕ್ಸಿಲರೇಟರು ಎರಡೇ.

ಅಂದಹಾಗೆ, ಕಾರಿನ ಗೇರಿಗೂ ಹೆಣ್ಣಿಗೂ ಹಳೆಯ ನಂಟು. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಗೃಹಿಣಿ, ಗಂಡ ಕಾರ್ಲ್ ಬೆಂಜ್ ತಯಾರಿಸಿದ ಮೋಟಾರು ಗಾಡಿಯನ್ನು ಅವರಿಗೆ ಹೇಳದೆಯೇ ತೆಗೆದುಕೊಂಡು, ಇಬ್ಬರು ಗಂಡುಮಕ್ಕಳೊಂದಿಗೆ ಸುಮಾರು 100 ಕಿಲೋಮೀಟರ್ ದೂರದ ತವರಿಗೆ ಹೊರಟಳು. ಪೆಟ್ರೋಲ್ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಏರಿನಲ್ಲಿ ಗಾಡಿ ಹತ್ತದೆ ಮಕ್ಕಳು ತಳ್ಳಬೇಕಾಯಿತು. ಹಿಂದಿರುಗಿ ಬಂದವಳು ಗಂಡನಿಗೆ ಹೇಳಿದ್ದು, ಏರು ಹತ್ತಲು ಇನ್ನೊಂದು ಗೇರು ಬೇಕು ಎಂದು! ಕಾರಿನಲ್ಲಿ ಮೊದಲ ದೂರ ಪ್ರಯಾಣ ಮಾಡಿದ ಡ್ರೈವರು ಒಬ್ಬ ಹೆಣ್ಣುಮಗಳು ಎಂಬುದನ್ನು ಇನ್ನು ಯಾರಾದರೂ "ಆಗೋದಲ್ಲ" ಅಂದಾಗ ನೆನಪಿಸಿಕೊಳ್ಳಿ.

ನಿಮ್ಮ ಸ್ಕೂಟರೂ ಆಟೋಮ್ಯಾಟಿಕ್ಕೇ

"ಆಟೋಮ್ಯಾಟಿಕ್ ಅಂದ್ರೆ ಭಯ" ಎನ್ನುವವರಿಗೆ ಒಂದು ಮಾತು. ನೀವು ದಿನವೂ ಮಕ್ಕಳನ್ನು ಶಾಲೆಗೆ ಬಿಡುವ ಸ್ಕೂಟರು ಆಟೋಮ್ಯಾಟಿಕ್ಕೇ ತಾನೆ? ಕಿಕ್ ಹೊಡೆದು, ಎಡಗೈಯಲ್ಲಿ ಕ್ಲಚ್ ಹಿಡಿದು, ಗೇರು ತಿರುಗಿಸಬೇಕಿದ್ದ ಕಾಲದಲ್ಲಿ ಸ್ಕೂಟರು ಗಂಡಸರ ವಾಹನವಾಗಿತ್ತು. 1984ರಲ್ಲಿ ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ, ಗೇರು ಹಾಕಬೇಕಿಲ್ಲದ ಕೈನೆಟಿಕ್ ಹೋಂಡಾ ಬಂತು. ಆಮೇಲೆ ಸ್ಕೂಟಿ, ಆಕ್ಟಿವಾ ಬಂದವು. ಇಂದು ಯಾವ ಸಣ್ಣ ಊರಿನ ಶಾಲೆಯ ಗೇಟಿನ ಮುಂದೆ ನೋಡಿದರೂ ಸ್ಕೂಟರಿನ ಮೇಲೆ ತಾಯಂದಿರೇ.

ಕಾರಿನಲ್ಲಿ ಈ ಬದಲಾವಣೆ ನಮ್ಮಲ್ಲಿ ತಡವಾಗಿ ಬಂತು. ಅಮೆರಿಕದಲ್ಲಿ ಓಲ್ಡ್ಸ್‌ಮೊಬೀಲ್ ಕಾರಿಗೆ 1939ರಲ್ಲೇ ಪೂರ್ಣ ಆಟೋಮ್ಯಾಟಿಕ್ ಗೇರು ಬಂದಿತ್ತು. ನಮ್ಮಲ್ಲಿ ಅದು ಬಹುಕಾಲ ದುಬಾರಿ ಕಾರುಗಳ ಸೊತ್ತಾಗಿತ್ತು. 2001ರಲ್ಲಿ ಬೆಂಗಳೂರಿನಲ್ಲೇ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರಿಗೆ ಗೇರು ಬದಲಿಸುವ ತಾಪತ್ರಯವೇ ಇರಲಿಲ್ಲ. 2014ರಲ್ಲಿ ಮಾರುತಿಯ ಸೆಲೆರಿಯೋ ಕಡಿಮೆ ಖರ್ಚಿನ ಆಟೋಮ್ಯಾಟಿಕ್ಕನ್ನು ತಂದ ಮೇಲೆ ಅದು ಮಧ್ಯಮ ವರ್ಗದ ಮನೆಯಂಗಳಕ್ಕೆ ಬಂತು.

ಒಂದೇ ಹೆಸರು, ನಾಲ್ಕು ಜಾತಿ

ಷೋರೂಮಿನಲ್ಲಿ ಬರೀ "ಆಟೋಮ್ಯಾಟಿಕ್" ಅಂದರೆ ಸಾಲದು, ಯಾವ ಬಗೆ ಎಂದು ಕೇಳಿ.

ಎಎಂಟಿ: ಒಳಗಿರುವುದು ಗೇರಿನ ಕಾರಿನ ಅದೇ ಗೇರು, ಅದೇ ಕ್ಲಚ್ಚು. ನಮ್ಮ ಕಾಲು-ಕೈಗಳ ಕೆಲಸವನ್ನು ಯಂತ್ರ ಮಾಡುತ್ತದೆ. ಬೆಲೆ ಕಡಿಮೆ, ಮೈಲೇಜು ಗೇರಿನ ಕಾರಿಗೆ ಸರಿಸಮ. ಗೇರು ಬದಲಾಗುವಾಗ ಒಂದಿಷ್ಟು ತಡೆದು ಜಗ್ಗಿದಂತಾಗುತ್ತದೆ.

ಟಾರ್ಕ್ ಕನ್ವರ್ಟರ್: ಎದುರುಬದುರು ಎರಡು ಫ್ಯಾನು ಇಟ್ಟು ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ. ಇಲ್ಲಿ ಗಾಳಿಯ ಬದಲು ಎಣ್ಣೆ. ನಯವಾದ ಓಟ, ಗಟ್ಟಿಮುಟ್ಟು. ಪೆಟ್ರೋಲು ಸ್ವಲ್ಪ ಹೆಚ್ಚು ಕುಡಿಯುತ್ತದೆ.

ಸಿವಿಟಿ: ನಿಮ್ಮ ಸ್ಕೂಟರಿನಲ್ಲಿರುವ ಬೆಲ್ಟಿನ ಉಪಾಯವೇ. ಒಂದು, ಎರಡು ಎಂಬ ಮೆಟ್ಟಿಲಿಲ್ಲ. ಪೇಟೆಯ ಓಡಾಟಕ್ಕೆ ಬಹಳ ಹಿತ.

ಡಿಸಿಟಿ: ಎರಡು ಕ್ಲಚ್ಚಿನದು. ಚುರುಕು, ಆದರೆ ದುಬಾರಿ. ರಿಪೇರಿಯೂ ದುಬಾರಿ.

ವಿದ್ಯುತ್ ಕಾರು ಕೊಳ್ಳುವವರಿಗೆ ಈ ಪ್ರಶ್ನೆಯೇ ಇಲ್ಲ. ಅದರಲ್ಲಿ ಬದಲಿಸುವ ಗೇರೇ ಇರುವುದಿಲ್ಲ.

ಖರ್ಚಿನ ಲೆಕ್ಕ

ಅದೇ ಕಾರಿನ ಗೇರಿನ ಮಾದರಿಗಿಂತ ಎಎಂಟಿಗೆ ಸಾಮಾನ್ಯವಾಗಿ ಅರ್ಧ ಲಕ್ಷದ ಆಸುಪಾಸು ಹೆಚ್ಚು. ಉಳಿದವಕ್ಕೆ ಒಂದು ಲಕ್ಷವೋ ಅದಕ್ಕೂ ಮೇಲೋ ಆಗಬಹುದು. ಇದು ಸಣ್ಣ ಮೊತ್ತವಲ್ಲ. ಗೇರಿನ ಕಾರಿನ ಪರವಾಗಿ ಇನ್ನೂ ಎರಡು ಮಾತಿದೆ. ಯಾವ ಊರಿನ ಮೆಕ್ಯಾನಿಕ್ಕಾದರೂ ಅದನ್ನು ಬಿಚ್ಚಿ ಜೋಡಿಸಬಲ್ಲ. ಬ್ಯಾಟರಿ ಸತ್ತರೆ ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡಬಹುದು. ಆಟೋಮ್ಯಾಟಿಕ್ಕಿಗೆ ಆ ಉಪಾಯ ನಡೆಯದು. ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಲೂಬಾರದು, ಲಾರಿಯ ಮೇಲೆ ಹೇರಿಸಿಯೇ ಒಯ್ಯಬೇಕು. ಆದ್ದರಿಂದ ಕಂಪೆನಿಯ ಸರ್ವಿಸ್ ಸೆಂಟರು ನಿಮ್ಮೂರಿಗೆ ಎಷ್ಟು ದೂರ ಎಂದು ಮೊದಲೇ ವಿಚಾರಿಸಿ.

ಇನ್ನೊಂದು ಮಗ್ಗುಲೂ ಇದೆ. ಕ್ಲಚ್ಚಿನ ಮೇಲೆ ಸದಾ ಕಾಲಿಟ್ಟು ಓಡಿಸುವ ಅಭ್ಯಾಸವಿದ್ದರೆ ಕ್ಲಚ್ ಪ್ಲೇಟು ಬೇಗ ಸವೆದು ಸಾವಿರಾರು ರೂಪಾಯಿ ಖರ್ಚು ತರುತ್ತದೆ. ಮಂಡಿನೋವಿರುವವರಿಗೆ ಜಾತ್ರೆ, ಸಂತೆಯ ದಟ್ಟಣೆಯಲ್ಲಿ ಹೆಜ್ಜೆಹೆಜ್ಜೆಗೂ ಕ್ಲಚ್ ಒತ್ತುವುದು ಶಿಕ್ಷೆಯೇ ಸರಿ.

ಘಟ್ಟದ ದಾರಿ

ನಮ್ಮಣ್ಣನ ದೊಡ್ಡ ಆಕ್ಷೇಪಣೆ ಇದ್ದದ್ದು ಇಲ್ಲೇ. "14 ಹೇರ್‌ಪಿನ್ ತಿರುವಿನ ಆಗುಂಬೆ ಘಟ್ಟದಲ್ಲಿ ನಿನ್ನ ಆಟೋಮ್ಯಾಟಿಕ್ ನಡೀತದಾ?" ನಡೆಯುತ್ತದೆ. ಆದರೆ ತಿಳಿದು ನಡೆಸಬೇಕು.

ಘಟ್ಟ ಇಳಿಯುವಾಗ ಬರೀ ಬ್ರೇಕನ್ನೇ ನಂಬಿದರೆ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಗೇರಿನ ಕಾರಿನಲ್ಲಿ ಎರಡನೇ ಗೇರಿಗೆ ಹಾಕಿ ಇಂಜಿನ್ನೇ ಗಾಡಿಯನ್ನು ತಡೆಯುವಂತೆ ಮಾಡುತ್ತಾರೆ. ಆಟೋಮ್ಯಾಟಿಕ್ಕಿನಲ್ಲೂ ಇದಕ್ಕಾಗಿ 'ಎಲ್' ಅಥವಾ 'ಎಂ' ಎಂಬ ಸ್ಥಾನ ಇರುವುದುಂಟು. ಅದಕ್ಕೆ ಹಾಕಿ ಕೆಳಗಿನ ಗೇರಿನಲ್ಲೇ ಇಳಿಯಬೇಕು. ಏರಿನಲ್ಲಿ ನಿಂತು ಹೊರಡುವಾಗ ಕೆಲವು ಎಎಂಟಿ ಕಾರುಗಳು ಹಿಂದಕ್ಕೆ ಸರಿಯುತ್ತವೆ. ಏರಿನಲ್ಲಿ ಗಾಡಿಯನ್ನು ಕ್ಷಣಕಾಲ ಹಿಡಿದು ನಿಲ್ಲಿಸುವ 'ಹಿಲ್ ಹೋಲ್ಡ್' ಸೌಲಭ್ಯ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಹ್ಯಾಂಡ್ ಬ್ರೇಕು ಹಿಡಿದೇ ಹೊರಡಬೇಕು.

ಷೋರೂಮಿಗೆ ಹೋಗುವ ಮುನ್ನ

ಮನೆಯಲ್ಲಿ ಎಲ್ಲರೂ ಕುಳಿತು ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಿ.

1. ಈ ಗಾಡಿಯನ್ನು ಓಡಿಸುವ ಎರಡನೆಯವರು ಯಾರು? ಅವರಿಗೆ ಯಾವುದು ಸಲೀಸು?

2. ಓಡಾಟ ಹೆಚ್ಚು ಎಲ್ಲಿ? ಪೇಟೆಯಲ್ಲೋ, ಹೆದ್ದಾರಿಯಲ್ಲೋ, ತೋಟದ ಕೆಸರು ದಾರಿಯಲ್ಲೋ?

3. ಸರ್ವಿಸ್ ಸೆಂಟರು ಎಷ್ಟು ದೂರ?

4. ಹೆಚ್ಚಿನ ಹಣ ಕೈಯಲ್ಲಿದೆಯೋ, ಸಾಲದ ಕಂತಿಗೆ ಸೇರುತ್ತದೋ?

5. ಮನೆಯಲ್ಲಿ ಯಾರಿಗಾದರೂ ಮಂಡಿ, ಸೊಂಟದ ತೊಂದರೆ ಇದೆಯೇ?

ಮೊದಲನೆಯ ಪ್ರಶ್ನೆಗೆ "ಇಬ್ಬರಿಗೂ ಗೇರು ಸಲೀಸು" ಎಂಬ ಉತ್ತರ ಬಂದರೆ ಧಾರಾಳವಾಗಿ ಗೇರಿನ ಕಾರು ಕೊಳ್ಳಿ, ಉಳಿದ ಹಣಕ್ಕೆ ಬೇರೆ ದಾರಿ ಬೇಕಾದಷ್ಟಿದೆ. ಗೇರಿನ ಹೆದರಿಕೆಯಿಂದಲೇ ಒಬ್ಬರು ಸ್ಟೀರಿಂಗ್ ಮುಟ್ಟದಿದ್ದರೆ, ಆ ಹೆಚ್ಚಿನ ಹಣಕ್ಕೆ ಮನೆಗೆ ಇನ್ನೊಬ್ಬ ಡ್ರೈವರು ಸಿಕ್ಕಂತೆ ಎಂದು ತಿಳಿಯಿರಿ.

ಕಲಿಯುವುದನ್ನು ಮಾತ್ರ ಗೇರಿನ ಕಾರಿನಲ್ಲೇ ಕಲಿಯಿರಿ. ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್ಕಿನಲ್ಲಿ ಪರೀಕ್ಷೆ ಕೊಟ್ಟವರು ಗೇರಿನ ಕಾರು ಓಡಿಸುವಂತಿಲ್ಲ. ನಮ್ಮಲ್ಲಿ ಕಾರಿನ ಲೈಸೆನ್ಸಿಗೆ ಆ ಭೇದವಿಲ್ಲ. ಆದರೂ ಆಪತ್ತಿನ ಹೊತ್ತಿನಲ್ಲಿ ಯಾರ ಮನೆಯ ಗಾಡಿ ಸಿಗುತ್ತದೋ ಯಾರು ಬಲ್ಲರು? ಎರಡೂ ಬರುವುದು ಲೇಸು.

ಆಟೋಮ್ಯಾಟಿಕ್ ಕೊಂಡವರಿಗೆ ಕಿವಿಮಾತು

ಎಡಗಾಲಿಗೆ ಕೆಲಸ ಕೊಡಬೇಡಿ. ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲೊಂದೇ. ಎಡಗಾಲು ಕ್ಲಚ್ಚೆಂದು ತಿಳಿದು ಬ್ರೇಕನ್ನು ಜಾಡಿಸಿ ಒತ್ತಿದರೆ ಹಣೆ ಗಾಜಿಗೆ!

ಬ್ರೇಕು ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. 'ಡಿ' ಎಂದರೆ ಮುಂದಕ್ಕೆ, 'ಆರ್' ಹಿಂದಕ್ಕೆ, 'ಎನ್' ನ್ಯೂಟ್ರಲ್ಲು, 'ಪಿ' ನಿಲುಗಡೆ. ಗಾಡಿ ಪೂರ್ತಿ ನಿಂತ ಮೇಲೆಯೇ 'ಆರ್' ಅಥವಾ 'ಪಿ'ಗೆ ಹಾಕಬೇಕು. ಎಎಂಟಿ ಕಾರುಗಳಲ್ಲಿ ಸಾಮಾನ್ಯವಾಗಿ 'ಪಿ' ಇರುವುದಿಲ್ಲ, ಹ್ಯಾಂಡ್ ಬ್ರೇಕು ಮರೆಯಬೇಡಿ.

'ಡಿ'ಯಲ್ಲಿದ್ದಾಗ ಬ್ರೇಕಿನಿಂದ ಕಾಲು ತೆಗೆದರೆ ಎಷ್ಟೋ ಗಾಡಿಗಳು ತಾವಾಗಿಯೇ ಮೆಲ್ಲಗೆ ಹೊರಡುತ್ತವೆ. ಇಂಜಿನ್ ಚಾಲೂ ಇಟ್ಟು, ಮಕ್ಕಳನ್ನು ಒಳಗೆ ಬಿಟ್ಟು, ತರಕಾರಿಗೆಂದು ಎಂದೂ ಇಳಿಯಬೇಡಿ.

ಅತ್ತಿಗೆ ಏನು ಮಾಡಿದರು?

ಅವರು ಮೊದಲು ಮತ್ತೆ ಹತ್ತು ದಿನ ಡ್ರೈವಿಂಗ್ ಶಾಲೆಗೆ ಹೋದರು. ಅದೂ ಗೇರಿನ ಕಾರಿನಲ್ಲೇ. ಪಕ್ಕದಲ್ಲಿ ಬೈಯುವವರಿಲ್ಲದ್ದರಿಂದ ಏರಿನಲ್ಲಿ ಗಾಡಿ ನಿಲ್ಲಿಸಿ ಹೊರಡಿಸುವುದೂ ಬಂತಂತೆ. "ಅಂದು ನನ್ನ ಕೈಯಿಂದ ಕೀಲಿ ಹೋಗಿದ್ದು ಕ್ಲಚ್ಚಿನಿಂದ ಅಲ್ಲ ಕಣೆ, ನಿಮ್ಮಣ್ಣನ ಬಾಯಿಂದ" ಎಂದು ನಕ್ಕರು. ಆಮೇಲೆ ಎರಡೂ ಬಗೆಯ ಕಾರನ್ನು ಏರಿನಲ್ಲಿ ಓಡಿಸಿ ನೋಡಿ, ಹಿಲ್ ಹೋಲ್ಡ್ ಇರುವ ಎಎಂಟಿಯನ್ನೇ ಆರಿಸಿದರು. ಷೋರೂಮಿನ ಹುಡುಗ ಕೇಳಿದಾಗ ಉತ್ತರ ಹೇಳಿದ್ದು ಅವರೇ.

ಮೊನ್ನೆ ಅಣ್ಣನ ತಪಾಸಣೆಗೆಂದು ಆಗುಂಬೆ ಘಟ್ಟ ಇಳಿದು ಮಣಿಪಾಲಕ್ಕೆ ಹೋಗಿಬಂದರು. ಇಳಿಯುವಾಗ ಸ್ಟೀರಿಂಗ್ ಹಿಡಿದವರು ಅತ್ತಿಗೆ. ಹತ್ತುವಾಗ ಅಣ್ಣ. ಅವನ ಮಂಡಿಗೂ ಈಗ ಸುಖ. ಮನೆಯಲ್ಲಿ ಹೊಸ ಜಗಳವೊಂದು ಶುರುವಾಗಿದೆಯಂತೆ. ಬೆಳಿಗ್ಗೆ ಗೂಟದಲ್ಲಿ ಕೀಲಿ ಇರುವುದಿಲ್ಲ, ಯಾರು ಮೊದಲು ಎದ್ದರೋ ಅವರ ಕೈಯಲ್ಲಿರುತ್ತದೆ.