ಒಂಬತ್ತು ಮನೆಯ ಪರದೆ

ತೆರೆದ ವಿಂಡೋ ಒಂದನ್ನು ಪರದೆಯ ಎಡ ಅರ್ಧದಲ್ಲಿ ಕೂರಿಸಬೇಕು. ಮೌಸ್ ಹಿಡಿದು ತಲೆಪಟ್ಟಿಯನ್ನು ಎಳೆದು ಮೂಲೆಗೆ ತರಬೇಕು, ಆಮೇಲೆ ಅಂಚು ಹಿಡಿದು ಹಿಗ್ಗಿಸಬೇಕು. ಇದಕ್ಕೆಲ್ಲ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಂದಾಜಿಸುವ ಮಾದರಿಯೊಂದನ್ನು ಸ್ಟುವರ್ಟ್ ಕಾರ್ಡ್, ಥಾಮಸ್ ಮೊರಾನ್ ಮತ್ತು ಅಲೆನ್ ನ್ಯೂವೆಲ್ 1980ರಲ್ಲೇ ಮಂಡಿಸಿದ್ದರು. ಕೈ ಕೀಬೋರ್ಡಿನಿಂದ ಮೌಸಿಗೆ ಹೋಗಲು 0.4 ಸೆಕೆಂಡು, ಬಾಣದ ಗುರುತನ್ನು ಗುರಿಗೆ ಒಯ್ಯಲು ಸುಮಾರು 1.1 ಸೆಕೆಂಡು, ನುರಿತ ಟೈಪಿಸ್ಟ್ ಒಂದು ಕೀಲಿ ಒತ್ತಲು 0.2 ಸೆಕೆಂಡು. ನಮ್ಮ ಕೆಲಸದಲ್ಲಿ ಗುರಿ ಹಿಡಿಯುವುದು ನಾಲ್ಕು ಸಲ, ಕೈ ಹೋಗಿ ಬರುವುದು ಒಂದು ಸಲ. ಒಟ್ಟು ಐದು ಸೆಕೆಂಡಿಗೂ ಮಿಕ್ಕುತ್ತದೆ. ಅದೇ ಕೆಲಸ ಎರಡು ಕೀಲಿ ಒತ್ತಿದರೆ 0.4 ಸೆಕೆಂಡಿನಲ್ಲಿ ಮುಗಿಯಿತು.

ಆದರೆ ಅದೇ ಮಾದರಿ ಇನ್ನೊಂದು ಖರ್ಚನ್ನೂ ಹೇಳುತ್ತದೆ: ಯೋಚನೆಗೆ 1.35 ಸೆಕೆಂಡು. ಯಾವ ಕೀಲಿ ಎಂದು ನೆನಪಿಸಿಕೊಳ್ಳುತ್ತ ಕೂತರೆ ಉಳಿಸಿದ ಹೊತ್ತು ಅಲ್ಲೇ ಸೋರಿಹೋಗುತ್ತದೆ. ಇದಕ್ಕೆ ಸಿಕ್ಕ ಜಾಣ ಉಪಾಯವೆಂದರೆ ಕೀಬೋರ್ಡಿನ ಬಲಗಡೆಯ ಅಂಕಿಗಳ ಗುಂಪು. ಅದೇ ಪರದೆಯ ನಕ್ಷೆ. 7 ಎಂದರೆ ಮೇಲಿನ ಎಡಮೂಲೆ, 3 ಎಂದರೆ ಕೆಳಗಿನ ಬಲಮೂಲೆ, 4 ಎಂದರೆ ಎಡ ಅರ್ಧ. ಲಿನಕ್ಸಿನ ಕಾಂಪಿಜ಼್ ಎಂಬ ವಿಂಡೋ ನಿರ್ವಾಹಕದಲ್ಲಿ ಕಂಟ್ರೋಲ್, ಆಲ್ಟ್ ಜತೆ ಅಂಕಿ ಒತ್ತಿದರೆ ಹೀಗೇ ಆಗುತ್ತಿತ್ತು. ಇಲ್ಲಿ ಬಾಯಿಪಾಠ ಬೇಕಿಲ್ಲ, ಬೆರಳಿಗೆ ದಿಕ್ಕು ಗೊತ್ತಿದ್ದರೆ ಸಾಕು. (ಅಂಕಿಗಳ ಗುಂಪನ್ನೇ ಕತ್ತರಿಸಿದ ತೆಳು ಲ್ಯಾಪ್‌ಟಾಪುಗಳು ಈ ಸುಖಕ್ಕೆ ಕಲ್ಲು ಹಾಕಿದವು.)

ಹೀಗೆ ವಿಂಡೋ ಕೂರಿಸುವ ಪ್ರೋಗ್ರಾಮಿನ ಒಳಗಿನ ಗಣಿತ ಸುಲಭವೆನಿಸಿದರೂ ತುಂಟತನದ್ದು. 1366 ಪಿಕ್ಸೆಲ್ ಅಗಲದ ಪರದೆಯನ್ನು ಮೂರು ಪಾಲು ಮಾಡಿದರೆ ತಲಾ 455 ಬಂದು ಒಂದು ಪಿಕ್ಸೆಲ್ ಉಳಿಯುತ್ತದೆ. ಆ ಒಂದು ಪಿಕ್ಸೆಲ್ ಬಲತುದಿಯಲ್ಲಿ ಗೆರೆಯಾಗಿ ಇಣುಕುತ್ತದೆ. ಹಾಗಾಗಿ ಅಗಲವನ್ನಲ್ಲ, ಪ್ರತಿ ಗಡಿಯ ಸ್ಥಾನವನ್ನು ಲೆಕ್ಕ ಹಾಕುವುದೇ ಸರಿ. ಟಾಸ್ಕ್‌ಬಾರ್ ತಿಂದ ಜಾಗವನ್ನು ಮೊದಲೇ ಕಳೆಯಬೇಕು. ವಿಂಡೋಸ್ 10ರಲ್ಲಿ ವಿಂಡೋದ ಸುತ್ತ ಕಣ್ಣಿಗೆ ಕಾಣದ ಅಂಚೊಂದು ಇರುತ್ತದೆ. ಅದನ್ನು ಮರೆತ ಪ್ರೋಗ್ರಾಮು ಎರಡು ವಿಂಡೋಗಳ ನಡುವೆ ಸಂದಿ ಬಿಡುತ್ತದೆ. ಟರ್ಮಿನಲ್ ವಿಂಡೋಗಳ ಹಟವೇ ಬೇರೆ: ಹಲವು ಟರ್ಮಿನಲ್‌ಗಳು ಅರ್ಧ ಅಕ್ಷರದಷ್ಟು ಹಿಗ್ಗಲು ಒಪ್ಪುವುದಿಲ್ಲ.

ಒತ್ತೊತ್ತಾಗಿ ಜೋಡಿಸುವ ಪದ್ಧತಿ ಹೊಸದಲ್ಲ. 1985ರ ವಿಂಡೋಸ್ 1.0ದಲ್ಲಿ ವಿಂಡೋಗಳು ಒಂದರ ಮೇಲೊಂದು ಏರುತ್ತಲೇ ಇರಲಿಲ್ಲ. 1987ರ ಎರಡನೆಯ ಆವೃತ್ತಿ ಏರಲು ಬಿಟ್ಟಿತು. ಈ ನಡುವೆ, 1986ರಲ್ಲಿ, ಸಾರಾ ಬ್ಲೈ ಮತ್ತು ಜ್ಯಾರೆಟ್ ರೋಸೆನ್‌ಬರ್ಗ್ ಎರಡು ಬಗೆಯನ್ನೂ ಹೋಲಿಸಿ ನೋಡಿದ್ದರು. ವಿಂಡೋಗಳನ್ನು ಹೆಚ್ಚು ಅಲುಗಾಡಿಸಬೇಕಿಲ್ಲದ ಕೆಲಸದಲ್ಲಿ ಒತ್ತೊತ್ತಾದ ಜೋಡಣೆ ಗೆದ್ದಿತು. ಪದೇ ಪದೇ ಅಲುಗಾಡಿಸಬೇಕಾದಲ್ಲಿ ಪಳಗಿದವರಿಗೆ ಒಂದರ ಮೇಲೊಂದರ ಪದ್ಧತಿ ಅನುಕೂಲವಾಯಿತು. ಈ ತೀರ್ಪು ಇಂದಿಗೂ ಹಳತಾಗಿಲ್ಲ ಎಂದೇ ನನ್ನ ಎಣಿಕೆ.

ಮೂಲ ಒಂದು ಕಡೆ, ಅನುವಾದ ಇನ್ನೊಂದು ಕಡೆ ಇಟ್ಟುಕೊಂಡು ಬರೆಯುವವರು, ಲೆಕ್ಕದ ಎರಡು ಹಾಳೆ ತಾಳೆ ನೋಡುವವರು ಈ ಒತ್ತೊತ್ತಾದ ಜೋಡಣೆಯನ್ನು ಇಂದೇ ಮಾಡಿ ನೋಡಬಹುದು. ವಿಂಡೋಸ್ 7 ಮತ್ತು ನಂತರದ ಆವೃತ್ತಿಗಳಲ್ಲಿ ವಿಂಡೋಸ್ ಕೀಲಿಯ ಜತೆ ಎಡ ಅಥವಾ ಬಲ ಬಾಣದ ಕೀಲಿ ಒತ್ತಿ. ಮ್ಯಾಕ್‌ನಲ್ಲಾದರೆ 2024ರ ಸಿಕ್ವೊಯಾ ಆವೃತ್ತಿಯಿಂದ ಎಫ್‌ಎನ್, ಕಂಟ್ರೋಲ್ ಮತ್ತು ಬಾಣ. ಬೇರೇನನ್ನೂ ಹಾಕಿಕೊಳ್ಳಬೇಕಿಲ್ಲ.